ಪ್ರ: ತಲಕಾಡು ಹೊಳೆ ದಂಡೆಗೆ ಮಂಡಿನೋವಿರುವ ಅಮ್ಮ, ಇಬ್ಬರು ಮಕ್ಕಳ ಜೊತೆ ಹೋಗಬಹುದಾ?

ಖಂಡಿತ ಹೋಗಬಹುದು ಮೇಡಂ. ಮೈಸೂರಿಂದ ಸುಮಾರು 45 ಕಿ.ಮೀ., ಟಿ. ನರಸೀಪುರದ ಮೇಲೆ ಹೋಗಿ. ಕಾರು ಹೊಳೆ ಹತ್ತಿರದವರೆಗೂ ಹೋಗುತ್ತದೆ, ಪಾರ್ಕಿಂಗ್‌ಗೆ ಚಿಲ್ಲರೆ ಇಟ್ಟುಕೊಳ್ಳಿ. ಆದರೆ ಅಲ್ಲಿಂದ ಮುಂದೆ ಮರಳು. ನಮ್ಮಮ್ಮನಿಗೂ ಮಂಡಿನೋವು. ಒಂದೊಂದು ಹೆಜ್ಜೆಗೂ ಪಾದ ಹೂತುಹೋಗಿ, ನನ್ನ ಭುಜ ಹಿಡಿದೇ ನಡೆದರು. ಮಡಚುವ ಕುರ್ಚಿ ಒಯ್ದಿದ್ದೆ, ನೀರಂಚಲ್ಲಿ ಕಾಲು ಇಳಿಬಿಟ್ಟು ಒಂದು ಗಂಟೆ ಕೂತರು. ಆ ಕುರ್ಚಿ ಮಾತ್ರ ಮರೆಯಬೇಡಿ.

ಬೆಳಿಗ್ಗೆ ಒಂಬತ್ತರೊಳಗೆ ತಲುಪಿ. ಹನ್ನೊಂದರ ಮೇಲೆ ಮರಳು ಕಾದು ಬರಿಗಾಲಲ್ಲಿ ನಿಲ್ಲೋಕಾಗಲ್ಲ. ಭಾನುವಾರ ಜನ ಜಾಸ್ತಿ, ಬಟ್ಟೆ ಬದಲಿಸುವುದಕ್ಕೂ ಕಷ್ಟ. ಒಂದು ಹಳೇ ಸೀರೆ ಇಟ್ಟುಕೊಳ್ಳಿ, ಮರೆಗಾಗುತ್ತದೆ. ಅಲ್ಲೇ ಮೀನು ಫ್ರೈ ಸಿಗುತ್ತದೆ, ಆದರೂ ಮಕ್ಕಳಿಗೆ ಮನೆಯಿಂದ ಮೊಸರನ್ನ ಒಯ್ಯೋದೇ ವಾಸಿ.

ಮಕ್ಕಳ ವಿಷಯ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ನೀರು ಮೊಣಕಾಲುದ್ದ ಕಾಣುತ್ತದೆ, ಎರಡು ಹೆಜ್ಜೆ ಮುಂದಿಟ್ಟರೆ ಮರಳು ಜಾರಿ ಗುಂಡಿ. ಇಲ್ಲಿ ಮುಳುಗಿ ಸತ್ತವರು ಒಬ್ಬಿಬ್ಬರಲ್ಲ. ಕೈ ಬಿಡಲೇಬೇಡಿ. ನರಸೀಪುರದಲ್ಲೇ ಕಬಿನಿ ಬಂದು ಕಾವೇರಿಗೆ ಸೇರುತ್ತಾಳೆ. ಹಾಗಾಗಿ ಕೆಆರ್‌ಎಸ್ ಬಿಟ್ಟರೂ, ಕಬಿನಿ ಬಿಟ್ಟರೂ ಇಲ್ಲಿ ನೀರು ಏರುತ್ತದೆ. ಜುಲೈ, ಆಗಸ್ಟಲ್ಲಿ ಹೊರಡುವ ಮುಂಚೆ ಎರಡೂ ಅಣೆಕಟ್ಟಿನ ಸುದ್ದಿ ನೋಡಿ. ತೆಪ್ಪ ಹತ್ತಿದರೆ ಲೈಫ್ ಜಾಕೆಟ್ ಕೇಳಿ ಹಾಕಿಸಿ, ಕೊಡದಿದ್ದರೆ ಹತ್ತಬೇಡಿ.

ದೇವಸ್ಥಾನಗಳಲ್ಲಿ ಅಮ್ಮನಿಗೆ ವೈದ್ಯನಾಥೇಶ್ವರ, ಕೀರ್ತಿನಾರಾಯಣ ಸಾಕು. ಪಾತಾಳೇಶ್ವರಕ್ಕೆ ಮೆಟ್ಟಿಲು ಇಳಿಯಬೇಕು, ಅದನ್ನು ಬಿಟ್ಟುಬಿಡಿ.