ಯಾಂತ್ರಿಕ ಬದುಕು ಸರಿ, ಯಂತ್ರ ಎಲ್ಲಿ?

ಡೊಂಬಿವಲಿಯ ಓದುಗರೊಬ್ಬರು ಬರೆದಿದ್ದಾರೆ: "ನಮ್ಮ ಸಂಘದಲ್ಲಿ ತಿಂಗಳಿಗೊಮ್ಮೆ 12 ಜನ ಸೇರಿ ಮುಂಬಯಿಯ ದಿನನಿತ್ಯದ ಬದುಕಿನ ಬಗ್ಗೆ ಬರೆದು ಓದುತ್ತೇವೆ. ಕಿರಿಯರ ಬರಹದಲ್ಲಿ ಚಾಳು, ಖೋಲಿ, ಡಬ್ಬಾ, ಫೋರ್ತ್ ಸೀಟು ಎಂದೆಲ್ಲ ನುಸುಳುತ್ತದೆ. ಹಿರಿಯರಿಗೆ ಇದು ಸರಿಬರುವುದಿಲ್ಲ. ತಿದ್ದಬೇಕೇ? ಬರಹಗಳನ್ನೂ ಇದರೊಂದಿಗೆ ಕಳಿಸಿದ್ದೇನೆ."

ಭಾಷೆ ಕೆಡಬಾರದೆಂಬ ಹಿರಿಯರ ಕಾಳಜಿಗೆ ನಮಸ್ಕಾರ. ಆದರೆ ತಿದ್ದಬೇಡಿ ಸ್ವಾಮಿ. ಫೋರ್ತ್ ಸೀಟನ್ನು 'ನಾಲ್ಕನೆಯ ಆಸನ' ಮಾಡಿದಿರೋ, ಓದುವವನು ಅಲ್ಲಿ ಆರಾಮಾಗಿ ಕೂತುಬಿಡುತ್ತಾನೆ. ಲೋಕಲ್ ರೈಲಿನ ಮೂವರ ಬೆಂಚಿನಲ್ಲಿ ನಾಲ್ಕನೆಯವನಿಗೆ ಸಿಗುವುದು ಒಂದು ತೊಡೆ ಊರುವಷ್ಟು ಅಂಚು. ಇನ್ನೊಂದು ಕಾಲು ಓಡಾಡುವವರ ದಾರಿಯಲ್ಲಿ. ಕಿಟಕಿಯವನು ಘಾಟ್ಕೋಪರಿನಲ್ಲಿ ಎದ್ದರೆ ಉಳಿದವರು ಒಳಗೆ ಸರಿದು ಇವನ ಬೆನ್ನಿಗೂ ಆಸರೆ. ಅದಕ್ಕೇ ಹತ್ತಿದೊಡನೆ "ಎಲ್ಲಿ ಇಳಿಯೋದು?" ಎಂಬ ವಿಚಾರಣೆ. ಸೀಟಿಗಾಗಿ ಮುಂಬಯಿಗೆ ಬೆನ್ನು ಹಾಕಿ ಉಲ್ಟಾ ಕಲ್ಯಾಣಕ್ಕೆ ಹೋಗಿ, ಇಳಿಯದೆ ಅದೇ ಗಾಡಿಯಲ್ಲಿ ವಾಪಸು ಬರುವ ವಿದ್ಯೆಯನ್ನು ಡೊಂಬಿವಲಿಯವರಿಗೆ ನಾವು ಹೇಳಿಕೊಡಬೇಕೇ? ಪಾಸು ಡೊಂಬಿವಲಿಯವರೆಗೆ ಮಾತ್ರ ಇದ್ದು ಟೀಸಿ ಸಿಕ್ಕರೆ ದಂಡ, ಅದೂ ಗೊತ್ತಲ್ಲ. ನೀವು ಕಳಿಸಿದ ಒಂದು ಬರಹದಲ್ಲೂ ಇದಿಲ್ಲ!

ಇರುವುದೇನು? 12ರಲ್ಲಿ 8 ಕಡೆ 'ಮಾಯಾನಗರಿ', 'ಯಾಂತ್ರಿಕ ಬದುಕು'. ಯಂತ್ರದ ಒಂದು ಬೋಲ್ಟೂ ಕಾಣಲಿಲ್ಲ. ಮಾಟುಂಗಾದ ಉಡುಪಿ ಹೋಟೆಲಿನ ಬರಹ ದೋಸೆಯ ಘಮದಿಂದ ನೇರ ಊರಿಗೆ, ಅಜ್ಜಿಯ ಮಡಿಲಿಗೆ ಹಾರುತ್ತದೆ. ಕಾವಲಿಯ ಮುಂದೆ ಎರಡು ನಿಮಿಷ ನಿಲ್ಲಬಾರದಿತ್ತೇ? ಭಟ್ಟರು ನೀರು ಎರಚಿ ಹಿಡಿಸೂಡಿಯಿಂದ ಬಳಿಯುವುದು ಬರೀ ಶುಚಿಗಾಗಿ ಎಂದುಕೊಂಡಿರಾ? ಕಾವಲಿ ಅತಿ ಕಾದಿದ್ದರೆ ಹಿಟ್ಟು ಬಿದ್ದಲ್ಲೇ ಬೆಂದು ಸೌಟಿಗೆ ಅಂಟಿ ಕಿತ್ತುಬರುತ್ತದೆ, ಹರಡುವುದೇ ಇಲ್ಲ. ನೀರು ಆ ಕಾವನ್ನು ಇಳಿಸುತ್ತದೆ. ಚುಯ್ ಎಂಬ ಸದ್ದು ತಗ್ಗುವುದನ್ನು ಕೇಳಿಯೇ ಅವರು ಹಿಟ್ಟು ಹೊಯ್ಯುವುದು. ಅಜ್ಜಿ ಆಮೇಲೆ ಬರಲಿ.

ಮಳೆಯೂ ಹಾಗೆಯೇ. 'ವರುಣನ ಆರ್ಭಟ' ಸಾಕು. ದಾದರ್ ಬಳಿಯ ಹಿಂದ್‌ಮಾತಾದಲ್ಲಿ ನೀರು ನಿಲ್ಲುವುದು ಅದು ತಗ್ಗು ಜಾಗವಾದ್ದರಿಂದ. ಭರತದ, ಅಂದರೆ ಉಬ್ಬರದ, ಹೊತ್ತಿಗೆ ಸಮುದ್ರ ಮೋರಿಯ ಬಾಯಿಗಿಂತ ಮೇಲೇರಿದರೆ ನೀರು ಹೋಗುವುದಾದರೂ ಎಲ್ಲಿಗೆ? ಮಳೆಯ ಬಗ್ಗೆ ಬರೆಯುವವರ ಕೈಯಲ್ಲಿ ಆ ದಿನದ ಭರತದ ವೇಳೆ ಇರಬೇಕು.

ಕೂಟದಲ್ಲಿ ಹೀಗೆ ಮಾಡಿ. ಒಂದೇ ಪುಟ, ಒಂದೇ ಜಾಗ, ಹತ್ತು ನಿಮಿಷದ ಅವಧಿಯಲ್ಲಿ ನಡೆದದ್ದು. ಬರೆದವರು ಗಟ್ಟಿಯಾಗಿ ಓದಲಿ, ಕೇಳಿದವರಲ್ಲಿ ಒಬ್ಬರು ಆ ಜಾಗದ ನಕ್ಷೆ ಬಿಡಿಸಲಿ. ಬಾಗಿಲು ಯಾವ ಕಡೆ ಎಂದು ತಿಳಿಯದಿದ್ದರೆ ಅಲ್ಲೇ ತಿದ್ದುಪಡಿ. "ಚೆನ್ನಾಗಿದೆ" ಎಂಬ ಮಾತಿಗೆ ಚಹಾ ಬರುವವರೆಗೆ ನಿಷೇಧ. ಕೂಟಗಳು ಕೆಡುವುದು ಆ ಒಂದು ಮಾತಿನಿಂದಲೇ.

ಬಹಳ ಸಂಘಗಳಿಗೆ ಇಷ್ಟೂ ಪುರುಸೊತ್ತಿಲ್ಲ ಬಿಡಿ. ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆಗೆ ಎರಡು ಗಂಟೆ, ಕಥೆ ಓದಲು ಊಟಕ್ಕೆ ಮುಂಚಿನ ಐದು ನಿಮಿಷ. ಹಗಲೆಲ್ಲ ಹೋಟೆಲಿನಲ್ಲಿ ಟೇಬಲ್ ಒರೆಸಿ, ರಾತ್ರಿ ಫೋರ್ಟಿನ ಕನ್ನಡ ಶಾಲೆಯಲ್ಲಿ ಕೂತು ಕಲಿತ ಹುಡುಗರಿದ್ದ ಊರು ಇದು. ಅವರಿಗೆ ಕಾವಲಿಯ ಕಾವು ಗೊತ್ತಿತ್ತು. ಬರೆಯಿರಿ ಎಂದು ಕಾಗದ ಕೊಟ್ಟವರು ಕಡಿಮೆ. ಸನ್ಮಾನಕ್ಕೆ ಮಾತ್ರ ಅವರನ್ನು ಹುಡುಕಿದೆವು, ಅದೂ ಹೋಟೆಲು ಅವರದೇ ಆದ ಮೇಲೆ.

ನಿಮ್ಮ ಕಿರಿಯರ ಬಳಿ ಆ ಉಲ್ಟಾ ಕಲ್ಯಾಣವನ್ನು ಬರೆಸಿ ಕಳಿಸಿ, ಪ್ರಕಟಿಸುತ್ತೇವೆ. ಪಾಸು ಎಲ್ಲಿಯವರೆಗಿತ್ತು ಎಂಬುದೊಂದನ್ನು ಬೇಕಾದರೆ ಮುಚ್ಚಿಡಲಿ.