ಸುಸ್ತಾಗಿ ಕೂತವರಲ್ಲ ರೋಸಾ ಪಾರ್ಕ್ಸ್

ದಾವಣಗೆರೆಯ ನಿವೃತ್ತ ಮೇಷ್ಟ್ರೊಬ್ಬರು ಪತ್ರ ಬರೆದಿದ್ದಾರೆ. ಹೋದ ಸಂಚಿಕೆಯಲ್ಲಿ ನಾವು ರೋಸಾ ಪಾರ್ಕ್ಸ್ ಬಗ್ಗೆ ಒಂದು ಪುಟ್ಟ ಬರಹ ಹಾಕಿದ್ದೆವು. ದಿನವಿಡೀ ಬಟ್ಟೆ ಹೊಲಿದು ದಣಿದಿದ್ದ ಹೆಂಗಸೊಬ್ಬರು ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಡಲಿಲ್ಲ, ಅಲ್ಲಿಂದ ಅಮೆರಿಕದ ಕಪ್ಪು ಜನರ ಹೋರಾಟ ಶುರುವಾಯಿತು ಅಂತ ಅದರಲ್ಲಿತ್ತು. ಮೇಷ್ಟ್ರು ಅದನ್ನು ಮೊಮ್ಮಗಳಿಗೆ ಓದಿ ಹೇಳಿದರಂತೆ. 13 ವರ್ಷದ ಆ ಹುಡುಗಿ ಕೇಳಿದ್ದು ಒಂದೇ ಪ್ರಶ್ನೆ: “ಅಜ್ಜಾ, ಅವತ್ತು ಅವರಿಗೆ ಸುಸ್ತಾಗಿರದಿದ್ರೆ ಎದ್ದು ಸೀಟು ಬಿಟ್ಟುಬಿಡ್ತಿದ್ರಾ?” ಏನು ಹೇಳಬೇಕೋ ತಿಳಿಯಲಿಲ್ಲ, ನೀವೇ ಹೇಳಿ ಎಂದು ಕೇಳಿದ್ದಾರೆ.

ಮೇಷ್ಟ್ರೇ, ನಮಸ್ಕಾರ.

ಬಿಡುತ್ತಿರಲಿಲ್ಲ. ನಾವು ಬರೆದದ್ದೇ ತಪ್ಪು. ಆ ಸಾಲು ಅಚ್ಚಾಗುವ ಮುಂಚೆ ನಾನು ತಿದ್ದಬೇಕಿತ್ತು.

1955ರ ಡಿಸೆಂಬರ್ 1ರಂದು ಅಲಬಾಮಾ ರಾಜ್ಯದ ಮಾಂಟ್ಗೊಮರಿ ಊರಿನಲ್ಲಿ ಬಸ್ಸು ಹತ್ತಿದಾಗ ರೋಸಾ ಅವರಿಗೆ 42 ವರ್ಷ. ಮುದುಕಿಯೇನೂ ಅಲ್ಲ. ಕೂತದ್ದು ಬಿಳಿಯರ ಸೀಟಿನಲ್ಲೂ ಅಲ್ಲ. ಮುಂದಿನ 10 ಸೀಟು ಬಿಳಿಯರಿಗೆ ಮೀಸಲು, ಇವರು ಅದರ ಹಿಂದಿನ ಸಾಲಿನಲ್ಲಿದ್ದರು. ಮುಂದಿನ ಸೀಟು ತುಂಬಿ ಒಬ್ಬ ಬಿಳಿಯ ನಿಂತಾಗ, ಆ ಸಾಲಿನ ನಾಲ್ವರೂ ಏಳಬೇಕು ಎಂದ ಡ್ರೈವರ್. ಮೂವರು ಎದ್ದರು, ರೋಸಾ ಏಳಲಿಲ್ಲ. ಅದಕ್ಕೂ 12 ವರ್ಷ ಮೊದಲು, 1943ರಲ್ಲಿ, ಇದೇ ಡ್ರೈವರ್ ಅವರನ್ನು ಬಸ್ಸಿನಿಂದ ಇಳಿಸಿದ್ದ. ಮುಂದಿನ ಬಾಗಿಲಲ್ಲಿ ದುಡ್ಡು ಕೊಟ್ಟು, ಕೆಳಗಿಳಿದು, ಸುತ್ತಿಕೊಂಡು ಹೋಗಿ ಹಿಂದಿನ ಬಾಗಿಲಲ್ಲಿ ಹತ್ತು ಎಂದಿದ್ದಕ್ಕೆ ಅವರು ಒಪ್ಪಿರಲಿಲ್ಲ.

ಅದೇ 1943ರಿಂದ ಅವರು ಕಪ್ಪು ಜನರ ಹಕ್ಕಿಗಾಗಿ ದುಡಿಯುತ್ತಿದ್ದ ಎನ್‌ಎಎಸಿಪಿ ಸಂಘಟನೆಯ ಸ್ಥಳೀಯ ಕಾರ್ಯದರ್ಶಿ. 1944ರಲ್ಲಿ ಆರು ಮಂದಿ ಬಿಳಿಯರು ರೀಸಿ ಟೇಲರ್ ಎಂಬ ತಾಯಿಯ ಮೇಲೆ ಅತ್ಯಾಚಾರ ಮಾಡಿದಾಗ, ಆ ಊರಿಗೇ ಹೋಗಿ ವಿವರ ಕಲೆಹಾಕಿದವರು ಇವರು. ಇಷ್ಟೆಲ್ಲ ಮಾಡಿದವರನ್ನು ನಾವು ಕಾಲು ನೋವಿಗೆ ಕೂತ ಹೆಂಗಸು ಮಾಡಿಬಿಟ್ಟೆವು. ‘ನನಗೆ ಸಾಕಾಗಿದ್ದು ತಲೆ ತಗ್ಗಿಸಿ ತಗ್ಗಿಸಿ’ ಎಂಬ ಅರ್ಥದ ಮಾತನ್ನು ಮುಂದೆ ಅವರೇ ಬರೆದಿದ್ದಾರೆ.

ನಿಮ್ಮ ಮೊಮ್ಮಗಳಿಗೆ ಇನ್ನೊಬ್ಬಳ ಕತೆಯನ್ನೂ ಹೇಳಬೇಕು. ಕ್ಲಾಡೆಟ್ ಕಾಲ್ವಿನ್. ಅದೇ ಊರು, ಅದೇ ವರ್ಷ, ರೋಸಾ ಅವರಿಗಿಂತ ಒಂಬತ್ತು ತಿಂಗಳು ಮುಂಚೆ, ಮಾರ್ಚ್ 2. ಅವಳಿಗೆ 15 ವರ್ಷ. ಶಾಲೆ ಮುಗಿಸಿ ಮನೆಗೆ ಹೊರಟಿದ್ದಳು. ಏಳು ಎಂದಾಗ ಜೊತೆಯ ಹುಡುಗಿಯರು ಎದ್ದರು. ಇವಳು, ಕೂರುವುದು ಸಂವಿಧಾನ ಕೊಟ್ಟ ನನ್ನ ಹಕ್ಕು ಎಂದಳು. ಪೊಲೀಸರು ಕೈಕೋಳ ಹಾಕಿ ಎಳೆದೊಯ್ದರು, ದೊಡ್ಡವರ ಜೈಲಿನಲ್ಲಿ ಕೂಡಿಹಾಕಿದರು.

ಅಷ್ಟು ಧೈರ್ಯ ಎಲ್ಲಿಂದ ಬಂತು? ಆಗಷ್ಟೇ ತರಗತಿಯಲ್ಲಿ ಅವರದೇ ಜನರ ಇತಿಹಾಸದ ಪಾಠ ನಡೆದಿತ್ತು. ಗುಲಾಮಗಿರಿಯಿಂದ ತಪ್ಪಿಸಿಕೊಂಡು, ಮತ್ತೆ ವಾಪಸ್ಸು ಹೋಗಿ ಇತರರನ್ನೂ ಬಿಡಿಸಿ ತಂದ ಹ್ಯಾರಿಯೆಟ್ ಟಬ್‌ಮನ್, ಗುಲಾಮಗಿರಿಯ ವಿರುದ್ಧ ಊರೂರಲ್ಲಿ ಮಾತಾಡಿದ ಸೋಜರ್ನರ್ ಟ್ರೂತ್, ಈ ಇಬ್ಬರೂ ನನ್ನ ಎರಡು ಭುಜ ಒತ್ತಿ ಹಿಡಿದಂತಾಯಿತು ಎಂದು ಕ್ಲಾಡೆಟ್ ಎಷ್ಟೋ ಸಲ ಹೇಳಿದ್ದಾರೆ. ನೀವು ಪಾಠ ಹೇಳಿದವರು, ಒಂದು ಪಾಠ ಎಲ್ಲಿಗೆ ಹೋಗಿ ತಲುಪಬಹುದು ಎಂಬುದು ನಿಮಗೆ ನನಗಿಂತ ಜಾಸ್ತಿ ಗೊತ್ತು. ಅವಳ ಊರಿನ ಅಂಗಡಿಗಳಲ್ಲಿ ಕಪ್ಪು ಮಕ್ಕಳು ಶೂ ಹಾಕಿ ನೋಡುವ ಹಾಗೂ ಇರಲಿಲ್ಲ. ಕಾಗದದ ಚೀಲದ ಮೇಲೆ ಪಾದದ ಅಳತೆ ಬರೆದುಕೊಂಡು ಹೋಗಬೇಕಿತ್ತು. ಆ ಪಾಠ ಕೇಳಿದ್ದು ಅಂಥ ಹುಡುಗಿ.

ಹಾಗಾದರೆ ಅವಳ ಹೆಸರು ಯಾಕೆ ಉಳಿಯಲಿಲ್ಲ? ಅವಳನ್ನು ಮುಂದಿಟ್ಟು ಹೋರಾಡುವ ಯೋಚನೆ ಆಗಲೇ ಇತ್ತು. ಆದರೆ ಮುಖಂಡರು ಹಿಂದೆ ಸರಿದರು. ಚಿಕ್ಕವಳು, ಬಡವರ ಬೀದಿಯವಳು, ಸಿಟ್ಟಿನವಳು ಎಂದು ಲೆಕ್ಕ ಹಾಕಿದರು. ಬಸುರಾದಳು, ಅದಕ್ಕೇ ಕೈಬಿಟ್ಟರು ಎಂದು ಈಗ ಸುಮಾರು ಕಡೆ ಬರೆಯುತ್ತಾರೆ. ಆದರೆ ಅವಳು ಬಸುರಾದದ್ದು ಆಮೇಲೆ, ಆ ವರ್ಷದ ಬೇಸಿಗೆಯಲ್ಲಿ. ಅವಳನ್ನು ಬದಿಗಿಡುವ ಮಾತು ಮೊದಲೇ ನಡೆದಿತ್ತು. ಬಿಳಿಯರ ಪತ್ರಿಕೆಗಳು ಹುಡುಗಿಯ ಮರ್ಯಾದೆ ಕಳೆಯುತ್ತಿದ್ದ ಕಾಲ ಅದು, ಮುಖಂಡರ ಭಯ ನನಗೆ ಅರ್ಥವಾಗುತ್ತದೆ. ಆದರೂ ಅವಳ ಒಂಟಿತನ ನೆನೆದರೆ ಸಂಕಟವಾಗುತ್ತದೆ. ಹಾಗಂತ ರೋಸಾ ಅವರನ್ನು ಇವಳ ಎದುರಾಳಿ ಮಾಡಬೇಡಿ. ಕ್ಲಾಡೆಟ್ ಪರ ಕೇಸು ನಡೆಸಲು ದುಡ್ಡು ಕೂಡಿಸಿದವರಲ್ಲಿ ರೋಸಾ ಕೂಡ ಇದ್ದರು.

ಡಿಸೆಂಬರಿನಲ್ಲಿ ರೋಸಾ ಬಂಧನವಾದ ರಾತ್ರಿ ಜೋ ಆನ್ ರಾಬಿನ್ಸನ್ ಎಂಬ ಇಂಗ್ಲಿಷ್ ಮೇಡಂ ತಮ್ಮ ಕಾಲೇಜಿಗೆ ಹೋಗಿ, ಬೆಳಗಿನವರೆಗೂ ಸಾವಿರಾರು ಕರಪತ್ರ ಸೈಕ್ಲೋಸ್ಟೈಲ್ ಮಾಡಿದರು. ಸೋಮವಾರ ಬಸ್ಸು ಹತ್ತಬೇಡಿ ಎಂಬ ಕರಪತ್ರ. ಬಸ್ ಬಹಿಷ್ಕಾರ ಮಾಡುತ್ತೇವೆ ಎಂದು ಅವರು ಮೇಯರ್‌ಗೆ 1954ರ ಮೇ ತಿಂಗಳಲ್ಲೇ ಪತ್ರ ಬರೆದಿದ್ದರು. ಅಡುಗೆ ಕೆಲಸದ ಜಾರ್ಜಿಯಾ ಗಿಲ್ಮೋರ್ ಮತ್ತು ಜೊತೆಯ ಹೆಂಗಸರು ಕೇಕು, ಕರಿದ ಕೋಳಿ ಮಾರಿ ಹೋರಾಟಕ್ಕೆ ದುಡ್ಡು ತಂದರು. ದುಡ್ಡು ಎಲ್ಲಿಂದ ಬಂತು ಎಂದರೆ ‘ಎಲ್ಲಿಂದಲೂ ಇಲ್ಲ’ ಎನ್ನುತ್ತಿದ್ದರು. ಹೆಸರು ಹೊರಬಿದ್ದರೆ ಬಿಳಿಯರ ಮನೆಗಳಲ್ಲಿ ಕೆಲಸಕ್ಕಿದ್ದವರ ಹೊಟ್ಟೆಪಾಡು ಹೋಗುತ್ತಿತ್ತು. 381 ದಿನ ಜನ ನಡೆದರು, ಕಾರು ಹಂಚಿಕೊಂಡರು.

ಆದರೆ ಬಸ್ಸಿನಲ್ಲಿ ಕಪ್ಪು ಜನರನ್ನು ಬೇರೆ ಕೂರಿಸುವ ಕಾನೂನನ್ನು ಬೀಳಿಸಿದ್ದು ರೋಸಾ ಅವರ ಕೇಸಲ್ಲ. ಅದು ರಾಜ್ಯದ ಕೋರ್ಟುಗಳಲ್ಲೇ ಸಿಕ್ಕಿಹಾಕಿಕೊಂಡಿತ್ತು. 1956ರ ಫೆಬ್ರುವರಿಯಲ್ಲಿ ವಕೀಲ ಫ್ರೆಡ್ ಗ್ರೇ ಬೇರೆ ದಾವೆ ಹೂಡಿದರು. ಕೊನೆತನಕ ನಿಂತ ನಾಲ್ವರೂ ಹೆಂಗಸರೇ: ಒರೀಲಿಯಾ ಬ್ರೌಡರ್, ಸೂಸಿ ಮೆಕ್‌ಡೊನಾಲ್ಡ್, 18ರ ಮೇರಿ ಲೂಯಿಸ್ ಸ್ಮಿತ್, ಮತ್ತು ಕ್ಲಾಡೆಟ್. ಹೌದು, ಬದಿಗಿಟ್ಟಿದ್ದ ಅದೇ ಹುಡುಗಿ. ಮೇ ತಿಂಗಳಲ್ಲಿ ಮನೆಯಲ್ಲಿ ಹಸುಗೂಸು ಬಿಟ್ಟು ಸಾಕ್ಷಿ ಹೇಳಲು ಬಂದಳು. ನಗರಸಭೆಯ ವಕೀಲ, ನಿಮಗೆ ನಾಯಕರು ಯಾರು ಎಂದು ಕೇಳಿದ. ಬಹಿಷ್ಕಾರದ ಮುಂದಾಳು ಮಾರ್ಟಿನ್ ಲೂಥರ್ ಕಿಂಗ್ ಹೆಸರು ಹೇಳಲಿ ಎಂಬುದು ಅವನ ಆಸೆ. ನಮಗೆ ನಾವೇ ನಾಯಕರು ಎಂದಳು. ಜೂನ್‌ನಲ್ಲಿ ತೀರ್ಪು ಇವರ ಪರ ಬಂತು, ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

1955ರಲ್ಲಿ ಅವಳ ಮೇಲೆ ಹಾಕಿದ್ದ ಪೊಲೀಸರ ಮೇಲಿನ ಹಲ್ಲೆ ಕೇಸಿನ ದಾಖಲೆ ಮಾತ್ರ ಹಾಗೇ ಉಳಿಯಿತು. 2021ರಲ್ಲಿ, 82ನೇ ವಯಸ್ಸಿನಲ್ಲಿ, ಅದನ್ನು ಅಳಿಸಿಕೊಡಿ ಎಂದು ಕ್ಲಾಡೆಟ್ ಕೋರ್ಟಿಗೆ ಅರ್ಜಿ ಹಾಕಿದರು. ಅದೇ ವರ್ಷ ಜಡ್ಜ್ ಒಪ್ಪಿದರು.

ಮೇಷ್ಟ್ರೇ, ಈ ಪುಟವನ್ನೂ ಮೊಮ್ಮಗಳಿಗೆ ಓದಿ ಹೇಳಿ. ಅವಳು ಮುಂದೆ ಏನು ಕೇಳಿದಳು ಅಂತ ನಮಗೆ ಬರೆಯಿರಿ.

ನಿಮ್ಮ,
ಸಂಪಾದಕ