ಆದಾಯ ಎಷ್ಟು ಏರಿತು ಅಂತ ಕೇಳುವ ಮೊದಲು ಅಡಿಕೆ ಧಾರಣೆ ನೋಡಿ

ನಿಮ್ಮ ಸಂಶೋಧನೆಯಿಂದ ಸಮಾಜಕ್ಕೆ, ಆರ್ಥಿಕತೆಗೆ ಏನು ಪ್ರಯೋಜನವಾಯಿತು ಅಂತ ವಿಶ್ವವಿದ್ಯಾಲಯದವರು ವರದಿ ಕೇಳಿದ್ದಾರೆ. ತರಬೇತಿ ಪಡೆದ ರೈತರ ಆದಾಯ ಮೊದಲು ಎಷ್ಟಿತ್ತು, ಈಗ ಎಷ್ಟಿದೆ ಅಂತ ಸರ್ವೆ ಮಾಡಿದರೆ ಸಾಕಾ, ಯಾವ ಸೂಚ್ಯಂಕ ಬಳಸಲಿ ಅನ್ನುವುದು ನಿಮ್ಮ ಪ್ರಶ್ನೆ. ಸಾಕಾಗುವುದಿಲ್ಲ. ಅದೇ ಸರ್ವೆ, ಅದೇ ಎರಡು ಪ್ರಶ್ನೆ ಹಿಡಿದುಕೊಂಡು ಊರೂರು ಸುತ್ತಿ ಕೆಲಸ ಕಳೆದುಕೊಂಡವನು ನಾನು.

ಕಾಸರಗೋಡಿನ ಎಣ್ಮಕಜೆ, ಪೈವಳಿಕೆ, ಬದಿಯಡ್ಕದ ಕಡೆ ನಮ್ಮ ಪ್ರಾಜೆಕ್ಟ್ ಇತ್ತು. ಅಡಿಕೆ ತೋಟಕ್ಕೆ ಬೇಸಿಗೆಯಲ್ಲಿ ನಿಜವಾಗಿ ಎಷ್ಟು ನೀರು ಬೇಕು, ಸ್ಪ್ರಿಂಕ್ಲರ್ ಬಿಟ್ಟು ಹನಿ ನೀರಾವರಿ ಹಾಕಿದರೆ ಎಷ್ಟು ಉಳಿಯುತ್ತದೆ, ಇಷ್ಟೇ ವಿಷಯ. ಕೆಲಸ ಚೆನ್ನಾಗಿಯೇ ಆಗಿತ್ತು, ಅದರಲ್ಲಿ ನನಗೆ ಈಗಲೂ ಸಂಶಯ ಇಲ್ಲ. ಪೇಪರ್ ಪ್ರಕಟವಾಯಿತು. ಪಂಚಾಯತಿನ ಹಾಲಿನಲ್ಲಿ ತರಬೇತಿ ಆಯಿತು, ಚಹಾ ಆಯಿತು, ಹಾಜರಿ ಪಟ್ಟಿಗೆ ಸಹಿಯೂ ಆಯಿತು. ಕೆಲವು ವರ್ಷ ಕಳೆದ ಮೇಲೆ ಹಣ ಕೊಟ್ಟವರು ಪರಿಣಾಮದ ವರದಿ ಕೇಳಿದರು. ಎರಡನೇ ಹಂತದ ಹಣ ಬರುವುದು ಆ ವರದಿಯ ಮೇಲೆ ನಿಂತಿತ್ತು. ನನ್ನ ಸಂಬಳವೂ ಅದರಲ್ಲೇ.

ಹಾಜರಿ ಪಟ್ಟಿ ಹಿಡಿದು ಮನೆ ಮನೆಗೆ ಹೋದೆ. ಆಗ 2021. ಜಗಲಿಯಲ್ಲಿ ಕೂರಿಸಿ ಬೆಲ್ಲ ನೀರು ಕೊಟ್ಟು, "ಹೌದು ಮಾಷ್ಟ್ರೇ, ನೀವು ಹೇಳಿಕೊಟ್ಟ ಮೇಲೆ ಭಾರೀ ಉಪಕಾರ ಆಗಿದೆ" ಅಂದರು. ಬಿಸಿಲಲ್ಲಿ ಬಂದವನ ಮುಖಕ್ಕೆ "ನಿಮ್ಮಿಂದ ಏನೂ ಆಗಲಿಲ್ಲ" ಅಂತ ನಮ್ಮ ಊರಲ್ಲಿ ಯಾರು ಹೇಳುತ್ತಾರೆ ಹೇಳಿ. ನಾನು ಅದನ್ನೆಲ್ಲ ಬರೆದುಕೊಂಡೆ. ಬಹುತೇಕ ಎಲ್ಲರ ಆದಾಯವೂ ಏರಿತ್ತು. ಕೆಲವರದ್ದು ಹೆಚ್ಚುಕಡಿಮೆ ಇಮ್ಮಡಿ. ಗ್ರಾಫ್ ಅಂತೂ ನೋಡಲಿಕ್ಕೇ ಚಂದ.

ರಿವ್ಯೂ ಮೀಟಿಂಗಿನಲ್ಲಿ ಹೊರಗಿನಿಂದ ಬಂದಿದ್ದ ಒಬ್ಬರು ಮೇಡಂ ಆ ಗ್ರಾಫ್ ನೋಡಿ ಒಂದೇ ಮಾತು ಕೇಳಿದರು. "ತರಬೇತಿಗೆ ಬಾರದವರ ಆದಾಯ ಎಷ್ಟು ಏರಿದೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಬಾರದವರ ಮನೆಗೆ ನಾನು ಹೋಗಿಯೇ ಇರಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಉದ್ದವಾದರೆ ಬೇಜಾರು ಮಾಡ್ಕೋಬೇಡಿ. ಯಾಕಂದ್ರೆ ನೀವು ಸಿಕ್ಕಿಬೀಳುವುದೂ ಇಲ್ಲೇ. ಅಡಿಕೆ ಬೆಳೆಯುವವರಿಗೆಲ್ಲ ಗೊತ್ತು, 2020–21ರಲ್ಲಿ ಚಾಲಿ, ಅಂದರೆ ಒಣಗಿಸಿ ಸುಲಿದ ಅಡಿಕೆಯ ಧಾರಣೆ ಜೋರಾಗಿ ಏರಿತ್ತು. ತರಬೇತಿಗೆ ಬಂದವರಿಗೂ ಏರಿತ್ತು, ಬಾರದವರಿಗೂ ಏರಿತ್ತು, ನೀರೇ ಬಿಡದ ತೋಟದವರಿಗೂ ಏರಿತ್ತು. ನಾನು ರೂಪಾಯಿಯಲ್ಲಿ ಲೆಕ್ಕ ಹಾಕಿ ಮಾರುಕಟ್ಟೆಯ ಏರಿಕೆಯನ್ನು ನಮ್ಮ ಪ್ರಾಜೆಕ್ಟಿನ ಖಾತೆಗೆ ಬರೆದುಕೊಂಡಿದ್ದೆ. ಕಿಲೋದಲ್ಲಿ ಕೇಳಿದ್ದರೆ ಇಷ್ಟು ಮರ್ಯಾದೆ ಹೋಗುತ್ತಿರಲಿಲ್ಲ.

ಮೀಟಿಂಗ್ ಮುಗಿದ ಮೇಲೆ ಬಾಯಾರು ಕಡೆಯ ಒಬ್ಬರು ಭಟ್ಟರ ಮನೆಗೆ ಮತ್ತೆ ಹೋದೆ. ಅವರ ಹತ್ತಿರ ಉದ್ದ ಬೈಂಡಿನ ಲೆಕ್ಕದ ಪುಸ್ತಕ ಉಂಟು ಅಂತ ಮೊದಲ ಸಲವೇ ಹೇಳಿದ್ದರು, ನಾನೇ ಬಿಡಿಸಿ ನೋಡಿರಲಿಲ್ಲ. ನನಗೆ ಬೇಕಾದ್ದು ಫಾರಂನ ಎರಡು ಖಾನೆ ಮಾತ್ರ ಅಲ್ವಾ. ಈ ಸಲ ಮಡಿಲಲ್ಲಿ ಇಟ್ಟುಕೊಂಡು ಪುಟ ತಿರುವಿದೆ. ತಾರೀಕು, ತೂಕ, ಹೊಸತೋ ಹಳತೋ, ಅವತ್ತಿನ ಧಾರಣೆ, ಸುಲಿಸಿದ ಕೂಲಿ. ಅವರು ತೋರಿಸಿದ ಆ "ಒಳ್ಳೆ ವರ್ಷ"ದ ಆದಾಯದಲ್ಲಿ ಸುಮಾರು ಭಾಗ ಹಿಂದಿನ ವರ್ಷದ ಅಡಿಕೆ. ಮನೆಯಲ್ಲೇ ದಾಸ್ತಾನು ಇಟ್ಟಿದ್ದರು. ಬದಿಯಲ್ಲಿ ಸಣ್ಣ ಅಕ್ಷರದಲ್ಲಿ "ಮಗಳ ಮದುವೆ" ಅಂತ ಬರೆದಿತ್ತು. ಮದುವೆಗೆ ಹಣ ಬೇಕಾಗಿ, ಧಾರಣೆಯೂ ಕೂಡಿಬಂದು, ಒಟ್ಟಿಗೆ ಮಾರಿದ್ದಾರೆ. ಆ ವರ್ಷದ ಹೊಸ ಫಸಲು ತೂಕ ಹಾಕಿದರೆ ಹಿಂದಿನದ್ದಕ್ಕಿಂತ ಕಡಿಮೆ! ಮಳೆಗಾಲದಲ್ಲಿ ಎರಡನೇ ಸಲ ಮದ್ದು ಬಿಡಲು ಜನ ಸಿಕ್ಕದೆ ಕೊಳೆರೋಗ ಹಿಡಿದಿತ್ತಂತೆ.

"ಇದನ್ನು ಮೊದಲೇ ಹೇಳಬಾರದಿತ್ತಾ ಭಟ್ರೇ?" ಅಂದೆ.

"ನೀವು ಆದಾಯ ಎಷ್ಟು ಅಂತ ಕೇಳಿದಿರಿ, ಹೇಳಿದೆ. ಅಡಿಕೆ ಎಷ್ಟಾಯಿತು ಅಂತ ಕೇಳಲಿಲ್ಲ."

ಇನ್ನೊಂದು ತೊಡಕೂ ಇದೆ. ಈ ಬೇಸಿಗೆಯಲ್ಲಿ ಸರಿಯಾಗಿ ನೀರು ಕೊಟ್ಟರೆ ನಳ್ಳಿ, ಅಂದರೆ ಎಳೆ ಕಾಯಿ, ಉದುರುವುದು ಕಡಿಮೆಯಾಗಬಹುದು, ಆದರೆ ಅದು ಅಡಿಕೆಯಾಗಿ ಅಂಗಳದಲ್ಲಿ ಒಣಗಿ ಅಂಗಡಿಗೆ ಹೋಗುವುದು ಮುಂದಿನ ಹಂಗಾಮಿಗೆ, ದಾಸ್ತಾನಿಟ್ಟರೆ ಅದಕ್ಕೂ ಆಚೆ. ತರಬೇತಿಯ ಪರಿಣಾಮ ಯಾವ ವರ್ಷದ ಹಣದಲ್ಲಿ ಕಾಣುತ್ತದೆ ಅಂತ ನಾನು ಒಂದು ಕ್ಷಣವೂ ಯೋಚಿಸಿರಲಿಲ್ಲ. ಶುರು ಮಾಡುವ ಮೊದಲೇ ಪ್ರತಿ ತೋಟದ ತೂಕ, ಪಂಪ್ ಓಡುವ ಗಂಟೆ, ಪಕ್ಕದ ತೋಟದ ಲೆಕ್ಕ ಬರೆದಿಟ್ಟಿದ್ದರೆ ಹೋಲಿಸಲು ಏನಾದರೂ ಇರುತ್ತಿತ್ತು. ಕೆಲವು ವರ್ಷದ ಮೇಲೆ ಹೋಗಿ "ಆಗ ಎಷ್ಟಿತ್ತು?" ಅಂತ ಕೇಳಿದರೆ ಅವರು ನೆನಪಿನಿಂದ ಒಂದು ಸಂಖ್ಯೆ ಹೇಳುತ್ತಾರೆ, ನಿಮ್ಮ ಮುಖ ನೋಡಿ ಅದನ್ನು ಸ್ವಲ್ಪ ಇಳಿಸಿಯೂ ಹೇಳುತ್ತಾರೆ. ಮೊದಲಿನದು ಇಳಿದಷ್ಟೂ ಈಗಿನದು ಜಾಸ್ತಿ ಕಾಣುತ್ತದೆ, ಅಲ್ವಾ? ಅದೂ ಉಪಕಾರವೇ, ಏನು ಮಾಡುವುದು.

ಎರಡನೇ ಹಂತದ ಹಣ ಬರಲಿಲ್ಲ. ನನ್ನ ಕಾಂಟ್ರಾಕ್ಟ್ ಮುಂದುವರಿಯಲಿಲ್ಲ.

ಹೊಟ್ಟೆ ಉರಿಸಿದ್ದು ಬೇರೆಯೇ. ನಿಜವಾದ ಪರಿಣಾಮ ಒಂದು ಇತ್ತು, ನನ್ನ ಕಣ್ಣೆದುರೇ ಇತ್ತು, ನನ್ನ ಫಾರಂನಲ್ಲಿ ಅದಕ್ಕೆ ಜಾಗ ಇರಲಿಲ್ಲ. ಭಟ್ಟರ ಮನೆಯಲ್ಲಿ ಪುಸ್ತಕ ಮುಚ್ಚಿ ಎದ್ದಾಗ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅಕ್ಕ ಹೇಳಿದರು: "ಹಣದ್ದು ನನಗೆ ಗೊತ್ತಿಲ್ಲ, ಈಗ ರಾತ್ರಿ ಜೆಟ್ ಬದಲಿಸಲು ಹೋಗಬೇಕಾಗಿಲ್ಲ." ಹಗಲು ವೋಲ್ಟೇಜ್ ಸಿಗದ ಕಾರಣ ರಾತ್ರಿ ಪಂಪ್ ಹಾಕಬೇಕು. ಸ್ಪ್ರಿಂಕ್ಲರ್ ಜೆಟ್ಟನ್ನು ಸಾಲಿನಿಂದ ಸಾಲಿಗೆ ಕೀಳಬೇಕು, ನೆಡಬೇಕು, ಟಾರ್ಚ್ ಹಿಡಿದು, ಹಾವು ಚೇಳು ನೋಡಿಕೊಂಡು. ಭಟ್ಟರಿಗೆ ಮಂಡಿ ನೋವು, ಆದ್ದರಿಂದ ಆ ಕೆಲಸ ಇವರದ್ದು. ಹನಿ ಪೈಪ್ ಬಂದ ಮೇಲೆ ಗೇಟ್‌ವಾಲ್ವ್ ತಿರುಗಿಸಿ ಮಲಗಿದರೆ ಆಯಿತು. ಅವರನ್ನು ನಾನು ಮೊದಲ ಸಲ ಏನೂ ಕೇಳಿರಲಿಲ್ಲ, ಹಾಜರಿ ಪಟ್ಟಿಯಲ್ಲಿ ಅವರ ಹೆಸರಿಲ್ಲವಲ್ಲ.

ಹಾಗಾಗಿ ಯಾವ ಸೂಚ್ಯಂಕ ಅಂತ ಕೇಳುವುದೇ ಸರಿಯಲ್ಲ ಅನ್ನುತ್ತೇನೆ. ಮೊದಲು ಯಾರ ಬದುಕಿನಲ್ಲಿ ಏನು ಬದಲಾಯಿತು ಅಂತ ಹುಡುಕಿ, ನೀವು ಇಲ್ಲದಿದ್ದರೂ ಅದು ಆಗುತ್ತಿತ್ತಾ ಅಂತ ಕೇಳಿಕೊಳ್ಳಿ. ಅಳೆಯುವುದು ಆಮೇಲೆ. ಬ್ರಿಟನ್ನಿನವರು ಇದನ್ನೇ ದೊಡ್ಡ ಮಟ್ಟದಲ್ಲಿ ಮಾಡಿದ್ದಾರೆ. ಅಲ್ಲಿ ವಿಶ್ವವಿದ್ಯಾಲಯಗಳ ಸಂಶೋಧನೆ ಅಳೆಯುವ ಆರ್‌ಇಎಫ್ ಅನ್ನುವ ವ್ಯವಸ್ಥೆ ಇದೆ. 2014ರಲ್ಲಿ ಅದರ 20 ಶೇಕಡಾ ಅಂಕವನ್ನು ವಿಶ್ವವಿದ್ಯಾಲಯದ ಹೊರಗೆ ಆದ ಪರಿಣಾಮಕ್ಕೆ ಇಟ್ಟರು, 2021ರಲ್ಲಿ 25 ಶೇಕಡಾ. ಕೇಳಿದ್ದು ಒಂದೇ ಸಂಖ್ಯೆಯನ್ನಲ್ಲ, ಸಾಕ್ಷಿ ಸಮೇತ ಕೇಸ್ ಸ್ಟಡಿ. 2014ರಲ್ಲಿ ಅಂಥವು 6,000ಕ್ಕೂ ಜಾಸ್ತಿ ಬಂದವು. 2008ರಿಂದ 2013ರ ನಡುವೆ ಕಂಡ ಪರಿಣಾಮಕ್ಕೆ 1993ರಷ್ಟು ಹಿಂದಿನ ಸಂಶೋಧನೆಯನ್ನೂ ಒಪ್ಪಿದರು, ಯಾಕಂದ್ರೆ ಫಲ ಬರಲು ಅಷ್ಟು ಕಾಲ ಹಿಡಿಯುತ್ತದೆ ಅಂತ ಅವರಿಗೆ ಗೊತ್ತು. ಅದರಲ್ಲೂ ಗೆದ್ದ ಕಥೆ ಮಾತ್ರ ಆರಿಸಿ ಬರೆಯುವ ಚಾಳಿ ಇದೆ, ಅದು ಬೇರೆ ಮಾತು. ವಿಶ್ವವಿದ್ಯಾಲಯ, ಕಾಲೇಜುಗಳಿಗೆ ಸ್ಥಾನ ಕೊಡುವ ಕೇಂದ್ರ ಸರಕಾರದ ನಮ್ಮ ಎನ್‌ಐಆರ್‌ಎಫ್ ನೋಡಿ, 2016ರಿಂದ ಪಟ್ಟಿ ಬರುತ್ತಿದೆ. ಸಂಶೋಧನೆ ಅಂದರೆ ಅಲ್ಲಿ ಪೇಪರ್, ಅದರ ಉಲ್ಲೇಖ, ಪೇಟೆಂಟ್, ಪ್ರಾಜೆಕ್ಟಿನ ಹಣ. ಆ ಅಕ್ಕನ ನಿದ್ದೆಗೆ ಅಂಕ ಎಲ್ಲಿಂದ ಬರಬೇಕು?

ಇನ್ನೊಂದು, ಪರಿಣಾಮ ಅಂದರೆ ಒಳ್ಳೆಯದೇ ಅಂತ ಯಾಕೆ ಹಿಡಿಯುತ್ತೀರಿ? ಎಣ್ಮಕಜೆಯಲ್ಲಿ ನಿಂತು ಈ ಮಾತು ಆಡಲಿಕ್ಕೆ ನಾಚಿಕೆಯಾಗುತ್ತದೆ. ಗೇರು ತೋಟದ ಟೀ ಸೊಳ್ಳೆ ಅನ್ನುವ ಕೀಟಕ್ಕೆ ಅಂತ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದರು. ಗೇರಿನ ಫಸಲು, ಆದಾಯ ಅಂತ ಮಾತ್ರ ಲೆಕ್ಕ ಹಾಕಿದರೆ ಅದೂ ಒಂದು ಯಶಸ್ಸಿನ ಗ್ರಾಫ್ ಆಗುತ್ತಿತ್ತು. ಕೆಳಗೆ ಹರಿಯುವ ತೋಡಿನ ನೀರು, ಇದೇ ಎಣ್ಮಕಜೆಯ ಪಡ್ರೆ ಊರಲ್ಲಿ ಕಾಯಿಲೆ ಬಿದ್ದ ಮಕ್ಕಳು ಯಾವ ಖಾನೆಯಲ್ಲಿ? ತನ್ನ ಬಳಿ ಬರುವ ರೋಗಿಗಳಲ್ಲಿ ಏನೋ ಹೆಚ್ಚುಕಡಿಮೆ ಇದೆ ಅಂತ ಗುರುತಿಸಿ ಬರೆದವರು ಅಲ್ಲಿನ ಹಳ್ಳಿ ವೈದ್ಯರಾದ ಡಾ. ವೈ. ಎಸ್. ಮೋಹನ ಕುಮಾರ್. ದೊಡ್ಡ ಸಂಸ್ಥೆಗಳ ಅಧ್ಯಯನ ಬಂದದ್ದು ಆಮೇಲೆ. 2011ರಲ್ಲಿ ಸುಪ್ರೀಂ ಕೋರ್ಟ್ ತಡೆ ಹಾಕಿತು, ಅದೇ ವರ್ಷ ಅಪಾಯಕಾರಿ ರಾಸಾಯನಿಕಗಳನ್ನು ತಡೆಯುವ ಸ್ಟಾಕ್‌ಹೋಮ್ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೂ ಅದು ಸೇರಿತು. ಕಾಸರಗೋಡಿನಲ್ಲಿ ಕೂತು ಪರಿಣಾಮದ ವರದಿ ಬರೆಯುವವರು "ಕೆಟ್ಟದ್ದು ಏನಾಯಿತು" ಅನ್ನುವ ಒಂದು ಪುಟ ಬಿಟ್ಟರೆ ನಾನಂತೂ ಆ ವರದಿ ನಂಬುವುದಿಲ್ಲ.

ಹೆಸರು ಬರಬೇಕು ಅನ್ನುವ ಆಸೆಯನ್ನೂ ಸ್ವಲ್ಪ ಕಡಿಮೆ ಮಾಡಿ. ಮೈಲುತುತ್ತು, ಸುಣ್ಣ ಬೆರೆಸಿ ಬೋರ್ಡೋ ದ್ರಾವಣ ಬಿಡದ ಅಡಿಕೆ ತೋಟ ನಮ್ಮಲ್ಲಿ ಎಷ್ಟಿದೆ? ಅದು ಹುಟ್ಟಿದ್ದು ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ, 1880ರ ದಶಕದಲ್ಲಿ. ಮೈಸೂರು ಸರಕಾರದ ಕೆಲಸದಲ್ಲಿದ್ದ ಲೆಸ್ಲಿ ಕೋಲ್ಮನ್ ಕೊಳೆರೋಗದ ಬಗ್ಗೆ 1910ರಲ್ಲೇ ಬರೆದು, ಅಡಿಕೆಗೆ ಇದೇ ಮದ್ದು ಹೇಳಿದರು. ಮದ್ದು ಬಿಡಲು ಮರ ಹತ್ತುವವರ ಹತ್ತಿರ ಕೋಲ್ಮನ್ ಅಂದರೆ ಯಾರು ಅಂತ ಕೇಳಿ ನೋಡಿ, ಒಬ್ಬರಿಗೂ ಗೊತ್ತಿರಲಿಕ್ಕಿಲ್ಲ.

ನೀವು ಈಗ ಮಾಡಬೇಕಾದ್ದು: ಸರ್ವೆ ನಿಲ್ಲಿಸಿ. ತರಬೇತಿಗೆ ಬಾರದ ಪಕ್ಕದ ತೋಟದವರನ್ನು ಸೇರಿಸಿ. ರೂಪಾಯಿ ಬಿಟ್ಟು ಕಿಲೋ ಕೇಳಿ, ಹೊಸತು ಹಳತು ಬೇರೆ ಬೇರೆ ಕೇಳಿ, ಲೆಕ್ಕದ ಪುಸ್ತಕ ಇದ್ದರೆ ನೋಡಲು ಕೊಡ್ತೀರಾ ಅಂತ ವಿನಂತಿಸಿ. ಮನೆಯ ಹೆಂಗಸರ ಹತ್ತಿರ ಬೇರೆಯಾಗಿ ಕೂತು ಮಾತಾಡಿ. ಫಾರಂ ಕನ್ನಡದಲ್ಲಿ ಇರಲಿ. ನಮ್ಮದು ಮಲಯಾಳ ಮತ್ತು ಇಂಗ್ಲಿಷಿನಲ್ಲಿತ್ತು, ಎಷ್ಟೋ ಜನ ಓದದೆ ಸುಮ್ನೆ ಸಹಿ ಹಾಕಿದ್ದರು. ಮೊದಲಿನ ಲೆಕ್ಕ ಇಲ್ಲವಾದರೆ ಇಲ್ಲ ಅಂತಲೇ ವರದಿಯ ಮೊದಲ ಪುಟದಲ್ಲಿ ಬರೆಯಿರಿ, ರಿವ್ಯೂನಲ್ಲಿ ಹೇಗೂ ಯಾರಾದರೂ ಕೇಳುತ್ತಾರೆ.

ಕೊನೆಯಲ್ಲಿ ಕನ್ಸಲ್ಟೆನ್ಸಿಯವರಿಗೆ ಕೊಡಬಹುದಾ ಅಂತಲೂ ಕೇಳಿದ್ದೀರಿ. ಬೇಡ. ಅವರೂ ನಿಮ್ಮ ಹಾಜರಿ ಪಟ್ಟಿಯನ್ನೇ ಮೊದಲು ಕೇಳುತ್ತಾರೆ.